ಉಪಾಧ್ಯಾಯರ ಒಂದು ಮಹದಾಸೆ

ಮನುಷ್ಯನಿಗೆ ಆಸೆಯಿರುವುದು ತಪ್ಪಲ್ಲ. ಆದರೆ ಆ ಆಸೆಯನ್ನು ಆಗಾಗ ಒರೆಗೆ ಹಚ್ಚಿ ನೋಡದಿರುವುದು ತಪ್ಪು. ನಾವು ಚನ್ನಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನು ಬೋಧಿಸತಕ್ಕವರು. ಕಂಪ್ಯೂಟರು ಮೊದಲಾದ ಯಂತ್ರಗಳ ನೆರವಿನಿಂದ ಪಾಠ ಹೇಳುವುದರಲ್ಲಿ ನಮಗೆ ಬಹಳ ಆಸಕ್ತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಶಾಲೆಗಳಿಗೆಲ್ಲ ಈ ವಿಷಯದಲ್ಲಿ ಮುಂದಾಳಾಗಬೇಕೆಂಬುದೇ ನಮ್ಮ ಮಹದಾಸೆ. “ಮುಂದಾಳಾಗಿ ಏನು ಮಾಡುವಿರಿ?” ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು. ಎಲ್ಲರಿಗೂ ಮಾಡಿ ತೋರಿಸುವೆವೆಂದು ಹೇಳಿದೆವು. ಆ ಉತ್ತರವು ಎಷ್ಟು ಪೊಳ್ಳೆಂಬುದು ಅನಂತರ ತಿಳಿಯಿತು.

2020ನೆಯ ಮಾರ್ಚಿ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದುವು. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧವೆಂಬ ಪಾಠಗಳನ್ನು ಪ್ರಸಾರ ಮಾಡತೊಡಗಿತು. ನಾವೂ ರಾತ್ರಿಯೆಲ್ಲ ನಿದ್ದೆಗೆಟ್ಟು, ನಲವತ್ತು ನಿಮಿಷಗಳ ಪಾಠಗಳ ವಿಡಿಯೊ ತೆಗೆದು ಮಕ್ಕಳ ಮನೆಯ ಮೊಬೈಲುಗಳಿಗೆ ಕಳುಹಿಸಿದೆವು. ಕಂಡವರು ಹೊಗಳಿದರು, ನಾವು ಉಬ್ಬಿದೆವು.

ಆಗಸ್ಟಿನಲ್ಲಿ ವಿದ್ಯಾಗಮ ಕಾರ್ಯಕ್ರಮವು ಬಂದು, ಉಪಾಧ್ಯಾಯರು ಮಕ್ಕಳಿದ್ದೆಡೆಗೇ ಹೋಗಬೇಕೆಂದಾಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು, “ಪಾಠ ನೋಡಿದೆಯೇನಮ್ಮ?” ಎಂದು ಕೇಳಿದೆವು. ಅವಳು ತಲೆತಗ್ಗಿಸಿ, “ಇಲ್ಲ ಸಾರ್. ಮೊಬೈಲು ಅಪ್ಪನ ಹತ್ತಿರ ಇರುತ್ತೆ. ರಾತ್ರಿ ಮನೆಗೆ ಬರೋ ಹೊತ್ತಿಗೆ ನೆಟ್ಟು ಮುಗಿದುಹೋಗಿರುತ್ತೆ” ಎಂದಳು. ನಾವು ಕಳುಹಿಸಿದ್ದ ಪಾಠಗಳಲ್ಲಿ ಒಂದನ್ನಾದರೂ ಆಕೆ ನೋಡಿರಲಿಲ್ಲ. ಹಾಗಾದರೆ ನಾವು ಪಾಠ ಹೇಳಿದ್ದು ಯಾರಿಗೆ?

ಆಕೆಯ ತಂದೆ ಬೊಂಬೆ ಮಾಡುವ ಕಸುಬಿನವರು. ಅವರನ್ನು ಕಾಣಲು ಕೆಲಸದ ಮನೆಗೆ ಹೋದೆವು. ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿದ್ದಿತು. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುವುದು. ಮೇಲೆ ಒಣಗಿದ ಕೇದಗೆ ಗರಿಯಿಂದ ತಿಕ್ಕಿದರೆ ಹೊಳಪು ಬರುವುದು. ಹೊಸದಾಗಿ ಸೇರಿದ್ದ ಯುವಕನ ಕೈಗೆ ಅವರು ಕಡ್ಡಿಯನ್ನು ಕೊಟ್ಟು, ತಾವು ಕೈಕಟ್ಟಿಕೊಂಡು ನಿಂತಿದ್ದರು. ಬಣ್ಣವು ಅಲ್ಲಲ್ಲಿ ಗಂಟುಗಟ್ಟಿತು. ನೀವೇ ಹಿಡಿಯಬಾರದೇ ಎಂದೆವು. “ನಾನು ಹಿಡಿದರೆ ಬೊಂಬೆ ಚೆನ್ನಾಗಿ ಬರುತ್ತೆ ಮೇಷ್ಟ್ರೇ, ಇವನಿಗೆ ಕೆಲಸ ಬರಲ್ಲ” ಎಂದರು.

ಆ ಮಾತು ನಮ್ಮ ಎದೆಗೆ ನಾಟಿತು. ಏಕೆಂದರೆ ಅದಕ್ಕೆ ಹಿಂದಿನ ವರ್ಷ ನಾವು ಸಹೋದ್ಯೋಗಿಗಳಿಗೆ ಕಂಪ್ಯೂಟರಿನ ಶಿಬಿರವೊಂದನ್ನು ನಡೆಸಿದ್ದೆವು. ಎಲ್ಲವನ್ನೂ ನಾವೇ ಮಾಡಿ ತೋರಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಒಬ್ಬರೂ ಯಂತ್ರವನ್ನು ಮುಟ್ಟಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರೊಬ್ಬರು ಮಾತ್ರ, “ಎಲ್ಲಾ ಸರಿ ಮೇಷ್ಟ್ರೇ, ನೀವು ಮೌಸನ್ನು ಕೈಬಿಡಲೇ ಇಲ್ಲವಲ್ಲ” ಎಂದಿದ್ದರು. ಆಗ ನಕ್ಕು ಸುಮ್ಮನಾಗಿದ್ದೆವು.

ಈಗ ಅವರ ಮನೆಗೇ ಹೋಗಿ, ಕೈಕಟ್ಟಿ ಪಕ್ಕದಲ್ಲಿ ಕುಳಿತೆವು. ತ್ರಿಭುಜಗಳನ್ನು ಕುರಿತು ಮೂರು ನಿಮಿಷದ ಧ್ವನಿಪಾಠವನ್ನು ಸಿದ್ಧಪಡಿಸಲು ಅವರಿಗೆ ಒಂದು ಗಂಟೆ ಹಿಡಿಯಿತು. ನಮ್ಮ ಬೆರಳುಗಳು ಎಷ್ಟು ತವಕಿಸಿದುವೆಂಬುದನ್ನು ನಾವೇ ಬಲ್ಲೆವು. ಆ ಪುಟ್ಟ ಪಾಠವು ಉಳಿದಿದ್ದ ಅಲ್ಪಸ್ವಲ್ಪ ನೆಟ್ಟಿನಲ್ಲಿಯೇ ಹುಡುಗಿಯ ಮನೆಯನ್ನು ಮುಟ್ಟಿತು. ಮುಂದಿನ ಸಲ ಆಕೆ ಲೆಕ್ಕವನ್ನು ಬಿಡಿಸಿಕೊಂಡೇ ಬಂದಳು.

ನಾಡಿನ ಅನುಭವವೂ ಇದನ್ನೇ ಹೇಳುವುದು. 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದಲೇ ಪಾಠಗಳು ಬಂದುವು. 2010ರಲ್ಲಿ ಉಪಗ್ರಹದ ಆಯುಷ್ಯವೇ ತೀರಿತು. ಅದಕ್ಕೂ ಹಿಂದೆ, 1995ರಲ್ಲಿ, ಹೆಗ್ಗಡದೇವನಕೋಟೆಯ ಉಪಾಧ್ಯಾಯರು ರಿಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದು, ಯುನಿಸೆಫಿನ ನೆರವಿನಿಂದ ಕಾರ್ಡುಗಳನ್ನು ತಾವೇ ರಚಿಸಿ ನಲಿ-ಕಲಿಯನ್ನು ಆರಂಭಿಸಿದರು. ಅದು 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಿಸಿತು. ಉಪಗ್ರಹವು ಸಣ್ಣ ಸಾಧನವೆಂದಲ್ಲ. ಉಪಾಧ್ಯಾಯನ ಕೈಯಿಂದ ಹೊರಟದ್ದು ಇನ್ನೊಬ್ಬ ಉಪಾಧ್ಯಾಯನ ಕೈಗೆ ಸುಲಭವಾಗಿ ಸಲ್ಲುವುದು, ಅಷ್ಟೆ.

ನಮ್ಮ ಆಸೆಯು ಈಗಲೂ ಉಂಟು. ದೊಡ್ಡ ಹುದ್ದೆಯು ಬಂದರೆ ಬೇಡವೆನ್ನುವಷ್ಟು ವೈರಾಗ್ಯವು ನಮಗಿಲ್ಲ. ಆದರೆ ಅದರ ಅಳತೆಗೋಲು ಬದಲಾಗಿದೆ. ನಾವು ಹೋದ ಶಾಲೆಯಲ್ಲಿ, ನಾವು ಹಿಂದಿರುಗಿದ ಮೇಲೆ, ಎಷ್ಟು ಮಂದಿ ತಾವೇ ಪಾಠವನ್ನು ಸಿದ್ಧಪಡಿಸಬಲ್ಲರು? ಅತ್ಯಂತ ಬಡವರ ಮನೆಯಲ್ಲಿ ಅದು ತೆರೆಯುವುದೆ? ಇವೆರಡೇ ನಮ್ಮ ಪರೀಕ್ಷೆಗಳು.

ಈ ಮಾತನ್ನು ಮನೆಯಲ್ಲಿ ಗಂಭೀರವಾಗಿ ಹೇಳಿದೆವು. ನಮ್ಮ ಮನೆಯವರು ಅಕ್ಕಿ ಆರಿಸುತ್ತ, “ಬಹಳ ಸಂತೋಷ. ಮೊದಲು ಅತ್ತೆಯವರಿಗೆ ಫೋನು ಕಲಿಸಿ. ಅವರು ಕೇಳಿದಾಗಲೆಲ್ಲ ಕಿತ್ತುಕೊಂಡು ನೀವೇ ಒತ್ತಿ ಕೊಡುತ್ತೀರಿ” ಎಂದರು.

ಅಂದು ಸಾಯಂಕಾಲ ನಮ್ಮ ತಾಯಿಯವರ ಪಕ್ಕದಲ್ಲಿ ಕೈಕಟ್ಟಿ ಕುಳಿತೆವು.