ಮಿರಜದಿಂದ ಕಡಲಿಗೆ: ನಾವೇ ಕಾದಿರಿಸಿದ ನೌಕಾಯಾನ

ಸಾಂಗಲಿ, ಮಿರಜಗಳು ಕಡಲಿನ ಊರುಗಳಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ನಮ್ಮ ಕೃಷ್ಣೆಯೂ ಕಡಲನ್ನು ಬೆನ್ನಿಗಿಟ್ಟುಕೊಂಡೇ ಹುಟ್ಟಿದವಳು. ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರವು ಸುಮಾರು 64 ಕಿಲೋಮೀಟರು ದೂರದಲ್ಲಿದ್ದರೂ ಆಕೆ ಅತ್ತ ಹೊರಳದೆ ಸುಮಾರು 1,400 ಕಿಲೋಮೀಟರು ಹರಿದು ಬಂಗಾಲ ಉಪಸಾಗರವನ್ನು ಸೇರುತ್ತಾಳೆ. ಆದರೂ ಘಟ್ಟದ ಕೆಳಗಿನ ನಾಡಿಗೂ ನಮಗೂ ಹೋಗಿಬರುವಿಕೆ ಇಲ್ಲದಿರಲಿಲ್ಲ. ಕರಾವಳಿಯ ಕನ್ನಡಿಗರ ಮೇಳವೊಂದು ಸಾಂಗಲಿಗೆ ಬಂದು ಆಡಿದ ಆಟವನ್ನು ನೋಡಿ ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಂದ ಮರಾಠಿಯಲ್ಲಿ ಅಂಥ ಪ್ರಯೋಗವನ್ನು ಮಾಡಿಸಿದರು. 1843ರ ‘ಸೀತಾಸ್ವಯಂವರ’ ಹುಟ್ಟಿದ್ದು ಹೀಗೆ. ಕಡಲ ತೀರದವರು ನಮ್ಮಲ್ಲಿಗೆ ಬಂದರು. ನಾವು ಕಡಲಿಗೆ ಹೋದದ್ದು ಕಡಿಮೆ.

ನೀರೆಂದರೆ ನಮಗೆ ನೆನಪಾಗುವುದು ಹೊಳೆಯ ಮಹಾಪೂರ. 2019ರ ಆಗಸ್ಟಿನಲ್ಲಿ ಸಾಂಗಲಿಯ ಪೇಟೆಬೀದಿಗಳಲ್ಲಿ ದೋಣಿಗಳು ಓಡಾಡಿದುದನ್ನು ಇಲ್ಲಿಯ ಯಾವ ಮನೆಯೂ ಮರೆತಿಲ್ಲ. ಅದೇ ತಿಂಗಳ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ, ಪೂರದಿಂದ ಪಾರಾಗಲು ದೋಣಿ ಹತ್ತಿದ ಜನರೇ ದೋಣಿ ಮಗುಚಿ ನೀರುಪಾಲಾದರು. ಆದುದರಿಂದ ಹೋದ ಚಳಿಗಾಲದಲ್ಲಿ ನಾವು ಮೂರು ಮನೆಯವರು, ಒಟ್ಟು ಒಂಬತ್ತು ಜನ, ಮುಂಬಯಿಯಿಂದ ಗೋವೆಯವರೆಗೆ ಹಡಗಿನಲ್ಲಿ ಹೋಗುವ ಮಾತೆತ್ತಿದಾಗ ನಮ್ಮ ಅವ್ವನವರು ಒಪ್ಪಲಿಲ್ಲ. “ಬ್ರಹ್ಮನಾಳದ ದೋಣಿ ಮರೆತ್ರೇನು? ನೀರಿನ ಮ್ಯಾಲ ಯಾರ ಮಾತೂ ನಡಿಯೂದಿಲ್ಲ” ಎಂದರು. ಎಪ್ಪತ್ತಾರು ವರ್ಷದ ಜೀವ. ಒಮ್ಮೆಯೂ ಸಮುದ್ರವನ್ನು ಕಂಡಿರಲಿಲ್ಲ. ಅವರನ್ನು ಬಿಟ್ಟು ಹೋಗುವಂತಿರಲಿಲ್ಲ. ಅವರ ಭಯವನ್ನು ನಕ್ಕು ತಳ್ಳಿಹಾಕುವಂತೆಯೂ ಇರಲಿಲ್ಲ. ಪ್ರವಾಸದ ಏರ್ಪಾಟನ್ನು ನಾವೇ ಮಾಡಿಕೊಳ್ಳಲು ಮೂಲಕಾರಣ ಈ ಪ್ರಶ್ನೆಯೇ.

ಮೊದಲು ನಾವೂ ಎಲ್ಲರಂತೆ ಪ್ರವಾಸದ ಏಜೆಂಟರೊಬ್ಬರ ಬಳಿಗೆ ಹೋದೆವು. ಪರರ ಪ್ರಯಾಣವನ್ನು ಏರ್ಪಡಿಸಿಕೊಡುವ ಈ ಉದ್ಯೋಗ ಹಳೆಯದು. ಇಂಗ್ಲೆಂಡಿನ ಥಾಮಸ್ ಕುಕ್ 1841ರ ಜುಲೈ 5ರಂದು ಲೀಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಜನರನ್ನು ಒಟ್ಟಾಗಿ ಕರೆದೊಯ್ದುದನ್ನು ಇದರ ಆರಂಭವೆಂದು ಹೇಳುವುದುಂಟು. ನಮ್ಮಲ್ಲಿಯೂ ಕಾಶಿ, ರಾಮೇಶ್ವರಗಳ ಯಾತ್ರೆಗೆ ಜನರನ್ನು ಕೂಡಿಸಿಕೊಂಡು, ಅಡಿಗೆಯವರನ್ನೂ ಜೊತೆಗಿಟ್ಟುಕೊಂಡು ಹೊರಡುವವರಿದ್ದಾರೆ. ಅವರಿಂದ ಉಪಕಾರವಾದ ಮನೆಗಳು ಬಹಳ. ಆದರೆ ನಾವು ಕಂಡ ಏಜೆಂಟರಿಗೆ ಅವ್ವನವರ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಹಡಗಿನಲ್ಲಿ ಜೀವರಕ್ಷಣೆಗೆ ಏನಿದೆ, ಕೋಣೆ ಯಾವ ಅಂತಸ್ತಿನಲ್ಲಿ ದೊರೆಯುವುದು, ಮೆಟ್ಟಿಲು ಹತ್ತಲಾಗದವರ ಗತಿಯೇನು ಎಂದು ಕೇಳಿದರೆ “ಎಲ್ಲಾ ವ್ಯವಸ್ಥಾ ಅದೆ” ಎಂಬ ಒಂದೇ ಮಾತು. ಹೇಳಿದ ದರದಲ್ಲಿ ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಸೇರಿದೆಯೇ ಎಂಬುದೂ ಸ್ಪಷ್ಟವಾಗಲಿಲ್ಲ. ಮುಂಗಡ ಮಾತ್ರ ಅಂದೇ ಬೇಕಾಗಿತ್ತು. ನಾವು ನಮಸ್ಕಾರ ಹೇಳಿ ಎದ್ದು ಬಂದೆವು.

ಕಡಲ ಪ್ರಯಾಣಕ್ಕೆ ಮಧ್ಯಸ್ಥರು ಬೇಕೇಬೇಕೆಂಬುದು ಈಚಿನ ಭಾವನೆ. ಕೊಂಕಣದ ಜನರು ಆಗಬೋಟಿನಲ್ಲಿ ಊರಿಗೆ ಹೋಗುತ್ತಿದ್ದ ಕಾಲದಲ್ಲಿ ಮುಂಬಯಿಯ ಧಕ್ಕೆಯ ಮೇಲೆ ಸಾಲುಗಟ್ಟಿ ನಿಂತು ತಾವೇ ಟಿಕೆಟು ತೆಗೆಸುತ್ತಿದ್ದರು. ಆ ಕಾಲಕ್ಕೂ ದುಃಖದ ನೆನಪಿದೆ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟಿದ್ದ ‘ರಾಮದಾಸ’ ಎಂಬ ಆಗಬೋಟು ಮಳೆಗಾಲದ ಅಲೆಗಳಿಗೆ ಸಿಕ್ಕು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಮುಂದೆ ರಸ್ತೆಗಳು ಸುಧಾರಿಸಿದಂತೆ ಆ ಆಗಬೋಟುಗಳ ಸಂಚಾರವೇ ನಿಂತಿತು. 2018ರಲ್ಲಿ ‘ಆಂಗ್ರಿಯಾ’ ಎಂಬ ಹಡಗು ಮುಂಬಯಿ–ಗೋವಾ ನಡುವೆ ಹೊರಟಿತು. ಅದೂ ಬಹುಕಾಲ ನಡೆಯಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬಯಿಯಿಂದ ಸಂಚಾರವನ್ನು ಆರಂಭಿಸಿತು. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಸಂಚಾರಕ್ಕೆ ಬಂದ ಹಡಗದು. ಹನ್ನೊಂದು ಅಂತಸ್ತು, ಸುಮಾರು 800 ಕೋಣೆಗಳು. ನಾವು ಆರಿಸಿಕೊಂಡುದು ಇದನ್ನೇ.

ಕಾದಿರಿಸುವ ಕೆಲಸ ನಾವು ಭಾವಿಸಿದ್ದಷ್ಟು ಕಠಿಣವಾಗಿರಲಿಲ್ಲ. ತಾಳ್ಮೆ ಮಾತ್ರ ಬೇಕು. ಒಂದು ಭಾನುವಾರ ಮಧ್ಯಾಹ್ನ ಮೂರೂ ಮನೆಯವರು ಕೂಡಿ, ಮಗಳ ಮೊಬೈಲಿನಲ್ಲಿ ಕಂಪನಿಯ ತಾಣವನ್ನು ತೆರೆದು, ಒಬ್ಬರು ಓದಿ ಹೇಳುವುದು, ಒಬ್ಬರು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು ಎಂದು ಗೊತ್ತುಮಾಡಿಕೊಂಡೆವು. ಅಲ್ಲಿ ತೋರಿಸುವ ದರವು ಸಾಮಾನ್ಯವಾಗಿ ಇಬ್ಬರು ಒಂದು ಕೋಣೆಯಲ್ಲಿದ್ದರೆ ಒಬ್ಬರಿಗೆ ಬೀಳುವ ದರ. ಒಬ್ಬರೇ ಇದ್ದರೆ ಹೆಚ್ಚು. ಮೂರನೆಯವರು ಸೇರಿದರೆ ತಲಾ ಖರ್ಚು ಇಳಿಯುತ್ತದೆ. ಕಿಟಕಿಯಿಲ್ಲದ ಒಳಕೋಣೆ, ಕಡಲು ಕಾಣುವ ಕಿಟಕಿಯ ಕೋಣೆ, ಮೊಗಸಾಲೆಯುಳ್ಳ ಕೋಣೆ ಎಂದು ಬಗೆಗಳಿವೆ. ಹಡಗಿನ ಅಂತಸ್ತುಗಳ ನಕ್ಷೆಯನ್ನು ನೋಡಿಯೇ ಕೋಣೆ ಆರಿಸಬೇಕು. ತೊಟ್ಟಿಲ ನಡುಭಾಗ ಕಡಿಮೆ ತೂಗುವಂತೆ, ಹಡಗಿನ ನಡುವೆ ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಹೊಟ್ಟೆ ತೊಳಸುವವರಿಗೆ ಅದೇ ಒಳ್ಳೆಯದು. ಕುಣಿತದ ಹಾಲಿನ ಕೆಳಗೆ ಸಿಕ್ಕ ಕೋಣೆಯಲ್ಲಿ ನಿದ್ರೆಯ ಆಸೆ ಬಿಡಬೇಕು. ಅವ್ವನವರಿಗೆ ನಾವು ಲಿಫ್ಟಿನ ಸಮೀಪದ, ನಡುಭಾಗದ ಕಿಟಕಿಯ ಕೋಣೆಯನ್ನು ಹಿಡಿದೆವು. ನಮ್ಮ ಜೊತೆಗಿದ್ದ ಜೈನ ಕುಟುಂಬದವರ ಊಟದ ನಿಯಮಗಳನ್ನೂ ಮೊದಲೇ ತಿಳಿಸಿದೆವು.

ನಮ್ಮಂಥ ಗಡಿಯವರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ, ಅದು ಹೆಸರು. ನಮ್ಮ ಹೆಸರುಗಳು ಶಾಲೆಯ ದಾಖಲೆಯಲ್ಲಿ ಕನ್ನಡದ ರೀತಿ, ಕಚೇರಿಯಲ್ಲಿ ಮರಾಠಿಯ ರೀತಿ, ಇಂಗ್ಲಿಷಿನಲ್ಲಿ ಬರೆದವರಿಗೆ ತೋಚಿದ ರೀತಿ ಇರುತ್ತವೆ. ಒಂದು ಚೀಟಿಯಲ್ಲಿ ಬಸವ್ವ, ಇನ್ನೊಂದರಲ್ಲಿ ಬಸವಾ. ಹಡಗು ಹತ್ತುವಾಗ ತೋರಿಸುವ ಗುರುತಿನ ಚೀಟಿಯಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಟಿಕೆಟಿನಲ್ಲಿಯೂ ಹೆಸರಿರಬೇಕು. ದೇಶದೊಳಗಿನ ಯಾನಕ್ಕೆ ಸರಕಾರವು ಕೊಟ್ಟ, ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಪರದೇಶದ ಬಂದರಿಗೆ ಹೋಗುವುದಾದರೆ ಪಾಸ್‌ಪೋರ್ಟು ಬೇಕು. ನಾವು ಒಂಬತ್ತು ಜನರ ಚೀಟಿಗಳನ್ನೂ ಮುಂದಿಟ್ಟುಕೊಂಡು ಹೆಸರುಗಳನ್ನು ಮೂರು ಸಲ ತಾಳೆ ನೋಡಿದೆವು.

ಹಣದ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಏಜೆಂಟರನ್ನು ಬಿಟ್ಟರೆ ದುಡ್ಡು ಬಹಳ ಉಳಿಯುವುದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಅವರ ದಲಾಲಿಯನ್ನು ಸಾಮಾನ್ಯವಾಗಿ ಹಡಗಿನ ಕಂಪನಿಯೇ ಕೊಡುತ್ತದೆ. ದರ ಒಂದೇ ಇರಬಹುದು, ಕೆಲವೊಮ್ಮೆ ಅವರಲ್ಲಿಯೇ ತುಸು ಕಡಿಮೆಯೂ ಇದ್ದೀತು. ನಾವೇ ಕಾದಿರಿಸಿದುದರಿಂದ ದೊರೆತ ಲಾಭ ಬೇರೆ. ರದ್ದು ಮಾಡಿದರೆ ಯಾವ ದಿನದವರೆಗೆ ಎಷ್ಟು ಹಣ ಮರಳುವುದು ಎಂಬುದನ್ನು ಕಂಪನಿಯ ನಿಯಮಗಳಲ್ಲಿಯೇ ಓದಿದೆವು. ಪಾವತಿ ನಮ್ಮ ಹೆಸರಿನಲ್ಲಿ ಬಂತು. ಬದಲಾವಣೆ ಬೇಕಾದರೆ ಕಂಪನಿಯೊಡನೆ ನೇರವಾಗಿ ಮಾತಾಡಬಹುದಾಗಿತ್ತು. ಏಜೆಂಟರ ಮೂಲಕ ಕಾದಿರಿಸಿದರೆ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಅವರ ಬಳಿಗೇ ಹೋಗಬೇಕಾಗುತ್ತದೆ.

ಮತ್ತೊಂದು ಲಾಭವನ್ನು ನಮ್ಮ ರೈಲುಜಂಕ್ಷನ್ನೇ ಕೊಟ್ಟಿತು. ಏಜೆಂಟರು ಹೇಳಿದ್ದು ಮುಂಬಯಿಗೇ ಮರಳಿ ಬರುವ ಯಾನ. ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ, ಗೋವೆಯಲ್ಲಿಯೇ ಇಳಿದರೆ ವಾಸ್ಕೋದಿಂದ ಲೋಂಡಾ, ಬೆಳಗಾವಿಗಳ ಮೇಲಿಂದ ಗೋವಾ ಎಕ್ಸ್‌ಪ್ರೆಸ್ ನೇರವಾಗಿ ಮಿರಜಕ್ಕೆ ಬರುತ್ತದೆಂಬುದು ನಮಗೆ ಹೊಳೆಯಿತು. ಹೋಗುವಾಗ ಕಡಲು, ಬರುವಾಗ ಘಟ್ಟ. ಮಿರಜದಲ್ಲಿ ಬಾಳಿದವರಿಗಷ್ಟೇ ಕಾಣುವ ದಾರಿ ಇದು.

ಹೀಗೆ ಒಂದು ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದೆವು. ಹಡಗಿನ ಧಕ್ಕೆ ಅಲ್ಲಿಂದ ದೂರವಿಲ್ಲ. ಬಲ್ಲಾರ್ಡ್ ಪಿಯರಿನ ಕಡೆಗೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ವಿಮಾನನಿಲ್ದಾಣದಂತೆಯೇ ಸಾಮಾನುಗಳ ತಪಾಸಣೆ, ಚೀಟಿಗಳ ಪರೀಕ್ಷೆ. ಬಳಿಕ ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಕೀಲಿಕೈ, ಅದೇ ಹಡಗಿನ ಮೇಲಿನ ಹಣ. ದರದಲ್ಲಿ ಸೇರದ ಪಾನೀಯ, ಆಟ, ಅಂಗಡಿಗಳ ಖರ್ಚೆಲ್ಲ ಅದರ ಮೇಲೆ ಏರುತ್ತದೆ. ಮಕ್ಕಳ ಕೈಗೆ ಕಾರ್ಡು ಕೊಟ್ಟು ಮರೆಯುವವರು ಇದನ್ನು ನೆನಪಿಡಬೇಕು.

ಹೊರಡುವ ಮೊದಲು ಎಲ್ಲ ಪ್ರಯಾಣಿಕರನ್ನೂ ಗೊತ್ತಾದ ಸ್ಥಳದಲ್ಲಿ ಕೂಡಿಸಿ ಜೀವರಕ್ಷಣೆಯ ತಾಲೀಮು ಮಾಡಿಸಿದರು. ಇದು ಹಡಗಿನವರ ಔದಾರ್ಯವಲ್ಲ, ಜಗತ್ತಿನ ನಿಯಮ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಕಡಲಿನ ಜೀವರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ 32 ಜನ ಸತ್ತಾಗ, ಅಂದೇ ಹಡಗು ಹತ್ತಿದ್ದವರಿಗೆ ತಾಲೀಮು ಆಗಿರಲಿಲ್ಲ. ಆ ಬಳಿಕ ಹೊರಡುವ ಮುನ್ನ ಇಲ್ಲವೇ ಹೊರಟ ಕೂಡಲೆ ತಾಲೀಮು ನಡೆಸಲೇಬೇಕೆಂದಾಯಿತು. ಸೂಚನೆಗಳು ಇಂಗ್ಲಿಷ್, ಹಿಂದಿಗಳಲ್ಲಿದ್ದವು. ನಾವು ಮೊದಲೇ ಕನ್ನಡದಲ್ಲಿ ಬರೆದು ತಂದಿದ್ದ ಹಾಳೆಯನ್ನು ಮಗಳು ಅವ್ವನವರಿಗೆ ಓದಿ ಹೇಳಿದಳು: ಏಳು ಸಲ ಚಿಕ್ಕ ಸೀಟಿ, ಒಂದು ಸಲ ಉದ್ದ ಸೀಟಿ ಕೇಳಿದರೆ ಇಲ್ಲಿಗೆ ಬರಬೇಕು, ಲಿಫ್ಟಿನಲ್ಲಿ ಇಳಿಯಬಾರದು, ನಿಮ್ಮ ಕೈ ಹಿಡಿಯುವವರು ಇಂಥವರು. ಅವ್ವನವರು ತೇಲುವ ಅಂಗಿಯನ್ನು ಕೈಯಿಂದ ಮುಟ್ಟಿ ನೋಡಿ, ಬಹಳ ಹೊತ್ತು ಸುಮ್ಮನಿದ್ದು, “ಇಂಥಾ ಅಂಗಿ ಆ ದೋಣಿಯೊಳಗ ಎಲ್ಲಾರ ಮೈಮ್ಯಾಲೂ ಇದ್ದಿದ್ರ…” ಎಂದರು. ನಾವು ಯಾರೂ ಮಾತಾಡಲಿಲ್ಲ.

ಸಂಜೆ ಹಡಗು ಧಕ್ಕೆ ಬಿಟ್ಟಿತು. ಮುಂಬಯಿಯ ಕಟ್ಟಡಗಳ ಸಾಲು ಹೊಂಬಿಸಿಲಿನಲ್ಲಿ ಸರಿಯುತ್ತ, ಕೊಲಾಬಾದ ತುದಿಯಾಚೆಗೆ 1875ರ ಪ್ರಾಂಗ್ಸ್ ದೀಪಸ್ತಂಭ ಕಾಣಿಸಿ ಮರೆಯಾಯಿತು. ಬಳಿಕ ನಾಲ್ಕೂ ದಿಕ್ಕಿಗೆ ನೀರು. ಹೊಳೆಯನ್ನು ಕಂಡವರ ಕಣ್ಣು ತಾನಾಗಿಯೇ ಆಚೆಯ ದಂಡೆಯನ್ನು ಹುಡುಕುತ್ತದೆ. ಇಲ್ಲಿ ಅದು ಸಿಕ್ಕುವುದಿಲ್ಲ. ಮರುದಿನವೆಲ್ಲ ಕಡಲ ಮೇಲೆಯೇ. ತರುಣರು ಹಾಡು, ಈಜುಕೊಳ, ಆಟಗಳಲ್ಲಿ ಮುಳುಗಿದ್ದರು. ಗದ್ದಲ ಹೆಚ್ಚೆಂದು ಹಿರಿಯರಿಗೆ ತೋರಿದುದೂ ಉಂಟು. ಅವ್ವನವರು ಮಾತ್ರ ಕಿಟಕಿಯ ಬಳಿ ಕುಳಿತು ದಿನವಿಡೀ ನೀರನ್ನೇ ನೋಡಿದರು.

ಮೂರನೆಯ ಬೆಳಗ್ಗೆ ಮುರ್ಮಗೋವಾ ಬಂದರಿನಲ್ಲಿ ಇಳಿದೆವು. ವಾಸ್ಕೋ ನಿಲ್ದಾಣ ಅಲ್ಲಿಗೆ ಸಮೀಪ. ಮಧ್ಯಾಹ್ನ ಹೊರಟ ರೈಲು ಕುಳೆಂ ದಾಟಿ ಘಟ್ಟವನ್ನೇರತೊಡಗಿತು. ಪೋರ್ತುಗೀಜರ ಕಾಲದಲ್ಲಿ, 1888ರಲ್ಲಿ, ಪೂರ್ಣಗೊಂಡ ದಾರಿಯಿದು. ಸುರಂಗಗಳ ನಡುವೆ ದೂಧಸಾಗರದ ಸುಮಾರು 310 ಮೀಟರು ಎತ್ತರದ ಜಲಪಾತ ಕಿಟಕಿಯ ಬಳಿಯೇ ಬಂದು ಹೋಯಿತು. ಕ್ಯಾಸಲ್‌ರಾಕ್ ಬಂದಾಗ ನಾಮಫಲಕದ ಮೇಲೆ ಕನ್ನಡ ಅಕ್ಷರಗಳು. ಮಕ್ಕಳು ಕೂಡಿ ಓದಿದರು. ಲೋಂಡಾ, ಖಾನಾಪುರ, ಬೆಳಗಾವಿ, ಘಟಪ್ರಭಾ, ಕುಡಚಿಯ ಆಚೆ ಕತ್ತಲೆಯಲ್ಲಿ ಕೃಷ್ಣೆಯ ಸೇತುವೆ, ಬಳಿಕ ಮಿರಜ.

ಇಂಥ ಯಾನವನ್ನು ಯೋಚಿಸುವ ವಾಚಕರಿಗೆ ಕೆಲವು ಮಾತುಗಳು. ಮಳೆಗಾಲದಲ್ಲಿ ಪಶ್ಚಿಮದ ಕಡಲು ಉಗ್ರ, ಚಳಿಗಾಲವೇ ಹಿತ. ಹಡಗಿನ ದಿನಗಳೂ ರೈಲಿನ ವೇಳೆಯೂ ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮೊದಲು ಎರಡನ್ನೂ ನೋಡಿರಿ. ಹಡಗಿನ ದಿನವೇ ಮುಂಬಯಿ ಮುಟ್ಟುವುದಾದರೆ ಬೆಳಗಿನ ಹೊತ್ತೇ ಮುಟ್ಟುವ ರೈಲನ್ನು ಹಿಡಿಯಿರಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಸಾಧ್ಯವಿದ್ದರೆ ಹಿಂದಿನ ದಿನವೇ ಹೋಗಿ ಉಳಿಯುವುದು ಇನ್ನೂ ಕ್ಷೇಮ. ವಯಸ್ಸಾದವರ ಔಷಧಗಳನ್ನು ಕೈಚೀಲದಲ್ಲಿಯೇ ಇಡಿರಿ. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಹಡಗಿನವರ ನಿರ್ಬಂಧಗಳಿರುತ್ತವೆ. ಅವನ್ನು ಕೇಳಿ ತಿಳಿಯಿರಿ.

ಏಜೆಂಟರೇ ಬೇಡವೆಂದು ನಾವು ಹೇಳುವುದಿಲ್ಲ. ಪಾಸ್‌ಪೋರ್ಟು, ವೀಸಾಗಳ ತೊಡಕಿರುವಲ್ಲಿ, ಜನ ಬಹಳವಿರುವಲ್ಲಿ, ಮೊಬೈಲು ತಿಳಿದವರು ಮನೆಯಲ್ಲಿಲ್ಲದಿದ್ದಲ್ಲಿ ಬಲ್ಲವರ ನೆರವು ಒಳ್ಳೆಯದೇ. ಆದರೆ ಪಾವತಿಯನ್ನು ಬರಹದಲ್ಲಿ ಪಡೆಯಿರಿ. ಹಡಗಿನ ಕಂಪನಿಯೇ ಕೊಟ್ಟ ಕಾದಿರಿಕೆಯ ಸಂಖ್ಯೆಯನ್ನು ಕೇಳಿರಿ. ಆ ಸಂಖ್ಯೆ ನಿಜವೇ ಎಂದು ಕಂಪನಿಗೆ ಫೋನು ಮಾಡಿ ನೋಡಿರಿ. ಮೋಸವಾದರೆ ಮುಂಬಯಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡುವವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು.

ಗಡಿಯಲ್ಲಿ ಬಾಳುವ ನಮಗೆ ಅರ್ಜಿಯಿಂದ ಆಸ್ಪತ್ರೆಯವರೆಗೆ ಪ್ರತಿಯೊಂದಕ್ಕೂ ಯಾರಾದರೊಬ್ಬರು ನಡುವೆ ನಿಂತು ಮಾತಾಡಿಕೊಡುವುದು ರೂಢಿಯಾಗಿದೆ. ಒಂದು ಪ್ರವಾಸವನ್ನಾದರೂ ಮನೆಮಂದಿ ಕೂಡಿ, ಕನ್ನಡದಲ್ಲಿ ಬರೆದುಕೊಂಡು, ತಾವೇ ಕೇಳಿ ತಿಳಿದು ಏರ್ಪಡಿಸಿಕೊಳ್ಳಲಿ. ಅದರಿಂದ ಬರುವ ಧೈರ್ಯ ನಾಳೆ ಬೇರೆ ಕಚೇರಿಯ ಬಾಗಿಲಲ್ಲಿಯೂ ಉಪಯೋಗಕ್ಕೆ ಬರುತ್ತದೆ.