ನೀರಿನ ಮೇಲೆ ಎಂಟು ರಾತ್ರಿ



ಹಿಡಕಲ್ ಅಣೆಕಟ್ಟಿನ ಆಸುಪಾಸಿನಲ್ಲಿ ಬೆಳೆದ ನನಗೆ ಬಹುಕಾಲ ಸಮುದ್ರವೆಂದರೆ ಘಟಪ್ರಭೆಯ ಹಿನ್ನೀರೇ ಆಗಿತ್ತು. 1977ರಲ್ಲಿ ಅಣೆಕಟ್ಟಿನ ಕಾಮಗಾರಿ ಪೂರ್ಣಗೊಂಡಾಗ ನಾನು ಎಂಟು ವರ್ಷದ ಬಾಲಕ. 51 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಆ ಜಲರಾಶಿಯ ದಡದಲ್ಲಿ ನಿಂತು, “ಇದರ ಆಚೆಗೆ ಏನಿದೆ?” ಎಂದು ತಂದೆಯವರನ್ನು ಕೇಳುತ್ತಿದ್ದೆ. “ಇದರ ಕೆಳಗೆ ಊರುಗಳಿವೆ” ಎಂದು ಅವರು ಉತ್ತರಿಸುತ್ತಿದ್ದರು. ನಾನು ಆಚೆಯದನ್ನು ಕೇಳಿದರೆ ಅವರು ಕೆಳಗಿನದನ್ನು ಏಕೆ ಹೇಳುತ್ತಾರೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಅದು ತಿಳಿಯಲು ನಾನು ಕೆರಿಬಿಯನ್ ಸಮುದ್ರದವರೆಗೆ ಹೋಗಿಬರಬೇಕಾಯಿತು.

ಗುರುದೀಕ್ಷೆಯ ರಜತ ಮಹೋತ್ಸವದ ಕಾಣಿಕೆಯೆಂದು, ಅಮೆರಿಕದ ಫ್ಲೋರಿಡಾದಲ್ಲಿರುವ ನನ್ನ ತಮ್ಮ 2024ರ ಜನವರಿಯಲ್ಲಿ ನನ್ನನ್ನು ಎಂಟು ರಾತ್ರಿಗಳ ವಿಹಾರ ನೌಕೆಯ ಪ್ರವಾಸಕ್ಕೆ ಕರೆದೊಯ್ದನು. ನಾನು ಒಪ್ಪಲು ಹಿಂಜರಿದಿದ್ದೆ. ಗುರುಗಳಿಗೆ ಇಂತಹ ವೈಭೋಗ ತಕ್ಕದ್ದೇ ಎಂಬ ಅಳುಕು ಒಂದು ಕಡೆ; ನೋಡಬೇಕೆಂಬ ಆಸೆ ಇನ್ನೊಂದು ಕಡೆ. ಈ ತೂಗಾಟದಲ್ಲಿದ್ದಾಗಲೇ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮನೆಗೆ ಬಂದರು. ಅವರ ಮಗ ಅಂತಹುದೇ ಒಂದು ಹಡಗಿನಲ್ಲಿ, ಅದೇ ಸಮುದ್ರದಲ್ಲಿ, ಕೆಲಸಕ್ಕಿದ್ದನು. “ಫಾದರ್, ವಿಡಿಯೋ ಕಾಲ್‌ನ್ಯಾಗ ಬರೇ ಮಾರಿ ಕಾಣಿಸ್ತೈತ್ರಿ. ಮೈ ಇಳದಾನೋ ಏನೋ ತಿಳಿಯಂಗಿಲ್ರಿ. ನೀವು ಕಣ್ಣಾರೆ ನೋಡಿ ಬಂದ್ರ ನನಗ ಸಮಾಧಾನ ಆಕ್ಕೈತ್ರಿ” ಎಂದರು. ನನಗೆ ಯಾವ ಹಡಗಾದರೇನು? ಆ ಹುಡುಗನಿರುವ ಹಡಗಿನಲ್ಲಿಯೇ ಸ್ಥಳ ಕಾಯ್ದಿರಿಸುವಂತೆ ತಮ್ಮನಿಗೆ ತಿಳಿಸಿದೆ. ಹೀಗೆ ನನ್ನ ಅಳುಕಿಗೆ ಒಂದು ನೆಪ ದೊರೆಯಿತು.

ನಮ್ಮ ಅನೇಕ ಕುಟುಂಬಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ತಂದೆತಾಯಿಯರನ್ನು ಇಂತಹ ಪ್ರವಾಸಗಳಿಗೆ ಕರೆದೊಯ್ಯುತ್ತಿದ್ದಾರೆ. ಅಂತಹವರಿಗೆ ಉಪಯೋಗವಾಗಲೆಂದು ಕೆಲವು ಅನುಭವದ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ.

ಅಮೆರಿಕದ ಬಂದರಿನಿಂದ ಹೊರಟ ಹಡಗು ಬೇರೆ ದೇಶಗಳ ದ್ವೀಪಗಳನ್ನು ಮುಟ್ಟಿ ಮತ್ತೆ ಅಮೆರಿಕಕ್ಕೇ ಮರಳುತ್ತದೆ. ಆದುದರಿಂದ ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿರದೆ, ಹಲವು ಬಾರಿ ಪ್ರವೇಶಿಸಲು ಅನುಮತಿಯುಳ್ಳದ್ದಾಗಿರಬೇಕು. ಪ್ರತಿಯೊಂದು ದ್ವೀಪಕ್ಕೂ ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಏನು ಬೇಕೆಂಬುದನ್ನು ಹಡಗಿನ ಕಂಪನಿಯಿಂದಲೇ ಲಿಖಿತವಾಗಿ ಕೇಳಿಕೊಳ್ಳಿರಿ. ಅಮೆರಿಕದ ಪೌರರಾದ ಮಕ್ಕಳಿಗೆ ಇರುವ ನಿಯಮ ನಿಮಗೆ ಅನ್ವಯಿಸುವುದಿಲ್ಲ.

ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ತಲುಪಿರಿ. ರೈಲು ತಪ್ಪಿದರೆ ಮತ್ತೊಂದು ರೈಲು ಉಂಟು. ಹಡಗು ತಪ್ಪಿದರೆ ಅದನ್ನು ಮುಂದಿನ ದ್ವೀಪದಲ್ಲಿಯೇ ಹಿಡಿಯಬೇಕು. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಅವರೇ ತೆಗೆದುಕೊಂಡು ಸಂಜೆಗೆ ಕೋಣೆಗೆ ಮುಟ್ಟಿಸುತ್ತಾರೆ. ಆದುದರಿಂದ ಔಷಧ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಲಿ. ಇಸ್ತ್ರಿಪೆಟ್ಟಿಗೆ, ಚಹಾ ಕಾಯಿಸುವ ವಿದ್ಯುತ್ ಪಾತ್ರೆಗಳನ್ನು ಒಯ್ಯಬೇಡಿರಿ. ಬೆಂಕಿಯ ಭಯದಿಂದ ಅವುಗಳಿಗೆ ನಿಷೇಧವಿದೆ. ಮನೆಯಲ್ಲಿ ಮಾಡಿದ ತಿನಿಸುಗಳಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ. ಆ ತಾಯಿ ಮಗನಿಗಾಗಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯ ಪುಡಿ ಹಡಗಿನ ಬಾಗಿಲಲ್ಲೇ ಉಳಿಯಿತು. ಅಂಗಡಿಯಲ್ಲಿ ಮುದ್ರೆಯೊತ್ತಿ ಕಟ್ಟಿದ್ದ ಗೋಕಾಕ ಕರದಂಟು ಮಾತ್ರ ಒಳಗೆ ಬಂತು.

ತಲೆಸುತ್ತು, ವಾಂತಿಯ ಪ್ರವೃತ್ತಿಯುಳ್ಳವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕೋಣೆ ಕೇಳಿ ಪಡೆಯುವುದು ಒಳಿತು; ಅಲ್ಲಿ ತೂಗಾಟ ಕಡಿಮೆ. ಹೊಟ್ಟೆ ತೊಳಸಿದಾಗ ಮಲಗುವುದಕ್ಕಿಂತ ಹೊರಗೆ ನಿಂತು, ನೀರೂ ಆಕಾಶವೂ ಕೂಡುವ ಗೆರೆಯನ್ನು ದಿಟ್ಟಿಸುವುದು ಮೇಲು. ಒಣಶುಂಠಿ ನನಗೆ ಉಪಕಾರ ಮಾಡಿತು. ಹೊರಡುವ ಮುನ್ನ ಆಪತ್ಕಾಲದ ಅಭ್ಯಾಸ ಇರುತ್ತದೆ. ಅದನ್ನು ಬೇಸರದಿಂದ ನೋಡಬೇಡಿರಿ. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾನ್‌ಕಾರ್ಡಿಯಾ’ ಎಂಬ ನೌಕೆ ಬಂಡೆಗೆ ಬಡಿದು 32 ಮಂದಿ ಪ್ರಾಣ ಕಳೆದುಕೊಂಡಾಗ, ಅಂದೇ ಹಡಗೇರಿದ್ದ ನೂರಾರು ಪ್ರಯಾಣಿಕರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ.

ಹಡಗಿನ ವೈದ್ಯರ ಶುಲ್ಕ ಭಾರಿಯಾದುದು. ರೋಗಿಯನ್ನು ದಡಕ್ಕೆ ಸಾಗಿಸುವ ಖರ್ಚನ್ನೂ ಒಳಗೊಂಡ ವಿಮೆ ಇಲ್ಲದೆ ಹಿರಿಯರು ಹೊರಡಬಾರದು. ನೂರಾರು ಮಂದಿ ಒಂದೇ ಕಡೆ ಉಣ್ಣುವಾಗ ವಾಂತಿಭೇದಿ ಬೇಗ ಹರಡುತ್ತದೆ. ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಸಮುದ್ರದ ನಡುವೆ ಮೊಬೈಲನ್ನು ವಿಮಾನದಲ್ಲಿಡುವ ಸ್ಥಿತಿಯಲ್ಲೇ ಇಡಿರಿ, ಇಲ್ಲವಾದರೆ ಬರುವ ಬಿಲ್ಲು ನಿಮ್ಮನ್ನು ಬೆಚ್ಚಿಬೀಳಿಸೀತು. ಆ ಪ್ರದೇಶದಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಆಗ ಬೆಲೆ ಅಗ್ಗ, ಭರವಸೆಯೂ ಅಗ್ಗ. ನಾವು ಹೋದ ಜನವರಿ ಹಿತವಾದ ಕಾಲ.

ನಮ್ಮ ಹಡಗು ಫೋರ್ಟ್ ಲಾಡರ್‌ಡೇಲ್‌ನಿಂದ ಒಂದು ಶನಿವಾರ ಹೊರಟಿತು. ಮೂರು ಸಾವಿರದಷ್ಟು ಪ್ರಯಾಣಿಕರು, ಸಾವಿರಕ್ಕೂ ಮೇಲ್ಪಟ್ಟ ನೌಕರರು. ಎರಡು ದಿನ ಸುತ್ತಲೂ ನೀರೇ ನೀರು. ಮೂರನೆಯ ದಿನ ಪೋರ್ಟೊ ರಿಕೋದ ಸ್ಯಾನ್ ಹುವಾನ್. ಅಲ್ಲಿಯ ಧರ್ಮಕ್ಷೇತ್ರ 1511ರಲ್ಲಿ ಸ್ಥಾಪಿತವಾದುದು. ಆ ಹಳೆಯ ಪ್ರಧಾನಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದೆ. ಅಲ್ಲಿಂದ, 1917ರಲ್ಲಿ ಡೆನ್ಮಾರ್ಕ್ ದೇಶವು ಅಮೆರಿಕಕ್ಕೆ ಮಾರಿದ ಸೇಂಟ್ ಥಾಮಸ್ ದ್ವೀಪ. ಆ ಬಳಿಕ ಅರ್ಧ ಡಚ್ಚರದೂ ಅರ್ಧ ಫ್ರೆಂಚರದೂ ಆದ ಸೇಂಟ್ ಮಾರ್ಟಿನ್. ಅಲ್ಲೆಲ್ಲ ಗಡಿಯಾರ ಫ್ಲೋರಿಡಾಕ್ಕಿಂತ ಒಂದು ಗಂಟೆ ಮುಂದೆ. ಹಡಗು ತನ್ನದೇ ಸಮಯ ಪಾಲಿಸಬಹುದು. ಇಳಿಯುವಾಗ ಮರಳಬೇಕಾದ ವೇಳೆಯನ್ನು ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿರಿ. ಕಂಪನಿಯ ಮೂಲಕ ಹೋದ ತಂಡ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಸ್ವಂತವಾಗಿ ತಿರುಗಲು ಹೋದವರಿಗಾಗಿ ಕಾಯುವುದಿಲ್ಲ.

ಇನ್ನು ಒಂದು ವಿಷಯ ಉಳಿದಿದೆ. ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಹಡಗಿನೊಳಗೆ ನಗದು ಹಣದ ವ್ಯವಹಾರವಿಲ್ಲ. ಒಂದು ಕಾರ್ಡು ಕೊಡುತ್ತಾರೆ. ಎಲ್ಲ ಖರ್ಚೂ ಅದರಲ್ಲಿ ಬರೆದುಕೊಳ್ಳುತ್ತದೆ. ನೌಕರರ ಬಕ್ಷೀಸು ಎಂದು ಪ್ರತಿಯೊಬ್ಬರ ಲೆಕ್ಕಕ್ಕೆ ದಿನವೂ ಒಂದು ಮೊತ್ತ ಸೇರುತ್ತದೆ. ನನ್ನ ಲೆಕ್ಕದಲ್ಲಿ ಅದು ದಿನಕ್ಕೆ 18 ಡಾಲರ್. ಎಂಟು ದಿನಕ್ಕೆ 144. ನಮ್ಮ ಹಣದಲ್ಲಿ ಸುಮಾರು ಹನ್ನೆರಡು ಸಾವಿರ ರೂಪಾಯಿ. ಪ್ರವಾಸದ ಖರ್ಚು ತಮ್ಮನದು. ಇದನ್ನಾದರೂ ನಾನೇ ಕೊಡುತ್ತೇನೆಂದು ಹಟಮಾಡಿ ಒಪ್ಪಿಸಿದ್ದೆ. ಮೊತ್ತ ಕಂಡಾಗ ಎದೆ ಧಸಕ್ಕೆಂದಿತು. ಬಯಸಿದವರು ಕೌಂಟರಿಗೆ ಹೋಗಿ ಇದನ್ನು ತೆಗೆಸಿಹಾಕಬಹುದೆಂದು ಸಹಪ್ರಯಾಣಿಕರೊಬ್ಬರು ಕಿವಿಯಲ್ಲಿ ಹೇಳಿದರು. ನಾನು ಹೋಗಿ ವಿಚಾರಿಸಿದೆ. ತೆಗೆಯಬಹುದು ಎಂದರು. ನಾಳೆ ಬರುತ್ತೇನೆಂದು ಹೇಳಿ ಬಂದೆ. ಬಡವರ ಬಗ್ಗೆ ಇಪ್ಪತ್ತೈದು ವರ್ಷ ಪ್ರಬೋಧನೆ ಮಾಡಿದವನು ನಾನು.

ಆ ಹುಡುಗನನ್ನು ಕಾಣುವುದು ನಾನೆಣಿಸಿದಷ್ಟು ಸುಲಭವಾಗಲಿಲ್ಲ. ಅವನಿದ್ದುದು ಬಟ್ಟೆ ಒಗೆಯುವ ವಿಭಾಗದಲ್ಲಿ. ಆ ವಿಭಾಗದವರು ಪ್ರಯಾಣಿಕರ ಅಂತಸ್ತುಗಳಿಗೆ ಬರುವಂತಿಲ್ಲ. ಪ್ರಯಾಣಿಕರು ಅವರಲ್ಲಿಗೆ ಇಳಿಯುವಂತಿಲ್ಲ. ನಾಲ್ಕು ದಿನ ಒಂದೇ ಹಡಗಿನಲ್ಲಿದ್ದೂ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಪ್ರತಿದಿನ ನಾನು ಒರೆಸಿಕೊಂಡು ಬಿಸುಟ ಟವೆಲು ಮಾತ್ರ ಅವನಿರುವೆಡೆಗೆ ಹೋಗಿ ಬರುತ್ತಿತ್ತು. ಕೊನೆಗೆ ನಾನು ಗುರುವೆಂದು ತಿಳಿಸಿ, ನೌಕರರಿಗಾಗಿ ಬಲಿಪೂಜೆ ಅರ್ಪಿಸಲು ಅನುಮತಿ ಕೇಳಿದೆ. ಆ ಹಡಗಿನಲ್ಲಿ ಆಗ ಗುರುಗಳಿರಲಿಲ್ಲ. ಅಧಿಕಾರಿಗಳು ಸಂತೋಷದಿಂದ ಒಪ್ಪಿ, ಗುರುವಾರ ರಾತ್ರಿ ಹನ್ನೊಂದೂವರೆಗೆ ಸಮಯ ಕೊಟ್ಟರು. ಅದಕ್ಕೆ ಮುಂಚೆ ಬಿಡುವು ಇರುವವರು ಕಡಿಮೆ ಎಂದರು.

ಮೂವತ್ತಕ್ಕೂ ಹೆಚ್ಚು ಮಂದಿ ಬಂದರು. ಫಿಲಿಪೀನ್ಸ್‌ನವರು, ಗೋವೆಯವರು, ಇಬ್ಬರು ಮಂಗಳೂರಿನವರು. ಕೆಲವರು ಸಮವಸ್ತ್ರದಲ್ಲಿಯೇ ಇದ್ದರು. ಕೈಗಳಲ್ಲಿ ಸಾಬೂನಿನ ವಾಸನೆ, ಅಡುಗೆಯ ವಾಸನೆ. ಪೂಜೆ ಮುಗಿದ ಬಳಿಕ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಬಂದು ಕಾಲು ಮುಟ್ಟಿ, “ಅವ್ವ ಹೆಂಗದಾಳ್ರಿ ಫಾದರ್?” ಎಂದ. ಆ ನಡುಸಮುದ್ರದಲ್ಲಿ, ನಡುರಾತ್ರಿಯಲ್ಲಿ, ಹುಕ್ಕೇರಿಯ ಮಾತು ಕಿವಿಗೆ ಬಿದ್ದಾಗ ನನ್ನ ಗಂಟಲು ಕಟ್ಟಿತು. ಕರದಂಟಿನ ಪೊಟ್ಟಣ ಕೊಟ್ಟೆ. ಅವನು ಅದನ್ನು ಅಲ್ಲಿಯೇ ಒಡೆದು ಎಲ್ಲರಿಗೂ ಹಂಚಿದ.

ಅರ್ಧ ಗಂಟೆ ಮಾತಾಡಿದೆವು. ಸಮುದ್ರ ಹೇಗಿದೆಯೆಂದು ಕೇಳಿದೆ. ಅವನು ನಕ್ಕ. “ಸಮುದ್ರ ನೋಡಿ ಹನ್ನೊಂದು ದಿನ ಆತ್ರಿ ಫಾದರ್. ನಮ್ಮ ಕೆಲಸದ ಜಾಗಾ ನೀರಿನ ಮಟ್ಟಕ್ಕಿಂತ ಕೆಳಗ ಐತ್ರಿ. ಕಿಟಕಿ ಇಲ್ರಿ. ಬಂದರು ಬಂತು ಅಂದ್ರ ಎಂಜಿನ್ ಸಪ್ಪಳದಿಂದ ತಿಳಕೊಳ್ಳೂದು” ಎಂದ. ದೂರಿನ ಧ್ವನಿಯಲ್ಲಿ ಹೇಳಲಿಲ್ಲ, ಇದ್ದುದನ್ನು ಹೇಳಿದ. ಕೆಲಸ ಕೊಡಿಸಿದ ಮಧ್ಯವರ್ತಿಯೊಬ್ಬನಿಗೆ ಎರಡೂವರೆ ಲಕ್ಷ ರೂಪಾಯಿ ಕೊಡಲು ತಾಯಿ ಹೊಲವನ್ನು ಅಡವಿಟ್ಟ ಸಂಗತಿಯನ್ನೂ ಆಗಲೇ ಹೇಳಿದ. ಸಾಲ ತೀರುವವರೆಗೆ ಬಿಟ್ಟು ಬರುವಂತಿಲ್ಲ. ಒಪ್ಪಂದ ಒಂಬತ್ತು ತಿಂಗಳದು. ವಾರದ ರಜೆ ಎಂಬುದು ಅಲ್ಲಿ ರೂಢಿಯಲ್ಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ‘ಇದರ ಕೆಳಗೆ ಊರುಗಳಿವೆ’ ಎಂದ ತಂದೆಯವರ ಮಾತು ಮರಳಿ ಮರಳಿ ನೆನಪಾಯಿತು. ಹಿಡಕಲ್ಲಿನ ನೀರು ಎಷ್ಟೋ ತಾಲೂಕುಗಳ ಹೊಲಗಳನ್ನು ಹಸಿರು ಮಾಡಿದೆ. ಅದು ದೊಡ್ಡ ವರ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರವು ಮೇಲೆದ್ದು ನಿಂತು, ಈ ಹಸಿರಿಗಾಗಿ ಮನೆಮಾರು ಬಿಟ್ಟುಕೊಟ್ಟವರನ್ನು ನಮಗೆ ನೆನಪಿಸುತ್ತದೆ. ಹಡಗಿನ ಕೆಳಗಿನ ಅಂತಸ್ತು ಯಾವ ಬೇಸಿಗೆಯಲ್ಲಿಯೂ ಮೇಲೇಳುವುದಿಲ್ಲ. ನಾವೇ ಇಳಿದು ನೋಡುವ ಮನಸ್ಸು ಮಾಡಬೇಕು.

ಮೋಶೆಗೆ ದೇವರು ಕೊಟ್ಟ ಕಟ್ಟಳೆಗಳಲ್ಲಿ ಸಬ್ಬತ್ತಿನ ವಿಶ್ರಾಂತಿಯು ಮನೆಯ ಯಜಮಾನನಿಗೆ ಮಾತ್ರ ಮೀಸಲಾಗಿಲ್ಲ. ಆಳಿಗೂ ಪರದೇಶಿಗೂ ದನಕ್ಕೂ ಅದರಲ್ಲಿ ಪಾಲುಂಟು. ಈ ಭಾಗವನ್ನು ಎಷ್ಟೋ ಸಲ ಓದಿದ್ದೆ. ನನ್ನ ವಿಶ್ರಾಂತಿಯ ಬೆಲೆಯನ್ನು ಇನ್ನೊಬ್ಬರ ಮೈ ತೆರುತ್ತಿರುವಾಗ, ಅದಕ್ಕೆ ನ್ಯಾಯವಾದ ಪ್ರತಿಫಲವಾದರೂ ಅವರಿಗೆ ಸಲ್ಲಬೇಕೆಂಬುದು ಅಲ್ಲಿ ಅರ್ಥವಾಯಿತು. ಮರುದಿನ ನಾನು ಆ ಕೌಂಟರಿಗೆ ಹೋಗಲಿಲ್ಲ.

ಓದುಗರೇ, ನೀವು ಪ್ರವಾಸ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಜನ ಹೋಗದಿದ್ದರೆ ಆ ಹುಡುಗನ ಕೆಲಸವೂ ಉಳಿಯದು. ಹೋಗಿರಿ, ದೇವರ ಸೃಷ್ಟಿಯ ಆ ನೀಲಿಯನ್ನು ಕಣ್ತುಂಬ ನೋಡಿರಿ. ಆದರೆ ಬಕ್ಷೀಸಿನ ಮೊತ್ತವನ್ನು ಪ್ರವಾಸದ ಖರ್ಚಿನಲ್ಲಿಯೇ ಮೊದಲೇ ಎಣಿಸಿಡಿರಿ. ಕೋಣೆ ಗುಡಿಸುವವರ ಹೆಸರು ಕೇಳಿ ತಿಳಿದುಕೊಳ್ಳಿರಿ. ಒಮ್ಮೆ ಬಳಸಿದ ಟವೆಲನ್ನು ಮರುದಿನವೂ ಬಳಸಿರಿ. ಕೆಳಗೆ ಯಾರಿಗೋ ಅಷ್ಟು ಭಾರ ಕಡಿಮೆ.

ಮಕ್ಕಳನ್ನು ಇಂತಹ ಕೆಲಸಕ್ಕೆ ಕಳುಹಿಸುವ ತಂದೆತಾಯಿಯರಿಗೂ ಒಂದು ಮಾತು. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಒಪ್ಪಿದೆ. ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಶುಲ್ಕ ಪಡೆಯುವುದು ಅದರ ಪ್ರಕಾರ ತಪ್ಪು. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚನ್ನಷ್ಟೇ ನಾವು ಹೊರಬೇಕಾಗಬಹುದು. ಭರ್ತಿ ಮಾಡುವ ಸಂಸ್ಥೆಗೆ ಕೇಂದ್ರ ಸರ್ಕಾರದ ಪರವಾನಗಿ ಇರಲೇಬೇಕು. ಅದರ ಸಂಖ್ಯೆ ಕೇಳಿ, ಸರಿಯೇ ಎಂದು ನೋಡಿಕೊಂಡ ಮೇಲೆಯೇ ಮುಂದಿನ ಮಾತು. ಕಷ್ಟಕ್ಕೆ ಸಿಲುಕಿದವರು 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ, ಇಂದು ‘ಸ್ಟೆಲ್ಲಾ ಮಾರಿಸ್’ ಎಂಬ ಹೆಸರಿನಿಂದ ಜಗತ್ತಿನ ಅನೇಕ ಬಂದರುಗಳಲ್ಲಿ ದುಡಿಯುತ್ತಿರುವ ನಮ್ಮ ಸಭೆಯ ನಾವಿಕ ಸೇವೆಯನ್ನು ಸಂಪರ್ಕಿಸಬಹುದು. ಜಾತಿ ಧರ್ಮ ಕೇಳದೆ ಅವರು ನೆರವಾಗುತ್ತಾರೆ.

ಊರಿಗೆ ಮರಳಿದ ನಾನು ಮೊದಲು ಹೋದದ್ದು ಆ ತಾಯಿಯ ಮನೆಗೆ. “ಮೈ ಇಳದಾನೇನ್ರಿ?” ಎಂದು ಕೇಳಿದರು. “ಸ್ವಲ್ಪ ಇಳದಾನವ್ವಾ” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವರು ಕಣ್ಣೊರೆಸಿಕೊಂಡು, “ನಿಜ ಹೇಳಿದ್ರಿ, ಅಷ್ಟ ಸಾಕ್ರಿ” ಎಂದರು.

ಅದೇ ವರ್ಷದ ಮಳೆಗಾಲದಲ್ಲಿ ಹುಡುಗ ರಜೆಗೆ ಬಂದ. ಸಾಲ ಅರ್ಧ ತೀರಿತ್ತು, ಮತ್ತೆ ಹೋಗಬೇಕಿತ್ತು. ಒಂದು ಸಂಜೆ ಇಬ್ಬರೂ ಹಿಡಕಲ್ ಅಣೆಕಟ್ಟಿನ ಕಡೆಗೆ ಹೋದೆವು. ಜಲಾಶಯ ತುಂಬುತ್ತಿತ್ತು. ಅವನು ಒಂದು ಕಲ್ಲಿನ ಮೇಲೆ ಕುಳಿತು, ಕತ್ತಲಾಗುವವರೆಗೂ ಮಾತಿಲ್ಲದೆ ನೀರನ್ನು ನೋಡುತ್ತಿದ್ದ. ನಾನು ಅವನನ್ನು ಏಳಿಸಲಿಲ್ಲ.