ಹನ್ನೆರಡು ಸ್ಪೀಕರ್, ಶಿರಾಡಿ ಘಾಟಿ, ಅಪ್ಪನ ಎಡಗಿವಿ

ಹೊಸ ಕಾರು ಮನೆಗೆ ಬಂದ ಮೊದಲ ವಾರ ನಾನು ಅದರಲ್ಲಿ ಎಲ್ಲಿಗೂ ಹೋಗಲಿಲ್ಲ. ರಾತ್ರಿ ಊಟ ಆದಮೇಲೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು, ಕಾರಿನ ಬಾಗಿಲು ಹಾಕಿಕೊಂಡು ಸುಮ್ಮನೆ ಹಾಡು ಕೇಳುತ್ತಾ ಕೂರುತ್ತಿದ್ದೆ. ಒಂದು ದಿನ ವಾಚ್‌ಮ್ಯಾನ್ ಗಾಜು ತಟ್ಟಿ, "ಏನ್ ಸಾರ್, ಮನೇಲಿ ಜಗಳಾನಾ?" ಅಂತ ಕೇಳಿದ.

ಜಗಳ ಅಲ್ಲ, ಸರೌಂಡ್ ಸೌಂಡ್! ನಾನು ತೆಗೆದುಕೊಂಡಿದ್ದು ಮಹೀಂದ್ರ ಎಕ್ಸ್‌ಯುವಿ 700. ಅದರ ಮೇಲಿನ ಮಾಡೆಲ್‌ನಲ್ಲಿ ಸೋನಿಯ 12 ಸ್ಪೀಕರ್‌ಗಳು ಕಂಪನಿ ಫಿಟ್ಟಿಂಗ್ ಆಗಿಯೇ ಬರುತ್ತಿದ್ದವು. ಬಾಗಿಲಲ್ಲಿ ಇದ್ದದ್ದು ಸಾಲದು ಅಂತ ತಲೆಯ ಮೇಲೆ ಛಾವಣಿಯಲ್ಲೂ ಇವೆ. ಅದಕ್ಕೋಸ್ಕರವೇ ಅಷ್ಟು ದುಡ್ಡು ಸುರಿದೆ ಅಂತ ಅಮ್ಮನಿಗೆ ಹೇಳಿಲ್ಲ. ಸೇಫ್ಟಿ ಜಾಸ್ತಿ ಅಂದಿದ್ದೇನೆ.

"ಜೆ.ಸಿ. ರೋಡಿಗೆ ಹೋಗಿದ್ರೆ ಅರ್ಧ ದುಡ್ಡಲ್ಲಿ ಇದರಪ್ಪನಂಥದ್ದು ಹಾಕಿಕೊಡ್ತಿದ್ರು" ಅಂದ ಗೆಳೆಯನೊಬ್ಬ. ಸ್ಪೀಕರ್ ಹಾಕಿಕೊಡುತ್ತಾರೆ, ನಿಜ. ಆದರೆ ಕಾರಿನ ಒಳಗಿನ ಜಾಗ ಮನೆಯ ಹಾಲ್ ಥರ ಅಲ್ಲ. ಒಂದು ಕಡೆ ಗಾಜು, ಒಂದು ಕಡೆ ಮೆತ್ತನೆ ಸೀಟು. ಡ್ರೈವರ್ ಅಂತೂ ಬಲ ಬಾಗಿಲಿಗೆ ಒತ್ತಿಕೊಂಡೇ ಕೂತಿರುತ್ತಾನೆ. ಬಲಗಡೆ ಸ್ಪೀಕರಿನ ಸದ್ದು ಅವನಿಗೆ ಮೊದಲು ಮುಟ್ಟುತ್ತದೆ, ಎಡಗಡೆಯದು ಒಂದು ಚೂರು ತಡವಾಗಿ. ಕಾರು ವಿನ್ಯಾಸ ಮಾಡುವಾಗಲೇ ಇದನ್ನೆಲ್ಲ ಅಳೆದು ಹತ್ತಿರದ ಸ್ಪೀಕರನ್ನು ಬೇಕೆಂದೇ ತಡಮಾಡಿಸಬಹುದು. ಆಗ ಹಾಡುವವರು ಎದುರುಗಡೆ, ಗಾಜಿನ ಆಚೆ ನಿಂತು ಹಾಡಿದ ಹಾಗೆ ಕೇಳುತ್ತದೆ. ಆ ತಡ ಎಷ್ಟು ಅಂತೀರಿ? ಒಂದು ಸೆಕೆಂಡಿನಲ್ಲಿ ಸಾವಿರದ ಕೆಲವೇ ಭಾಗಗಳು. ನಮ್ಮ ಕಿವಿಗಳು ಅದಕ್ಕಿಂತಲೂ ಸೂಕ್ಷ್ಮ. ಪಕ್ಕದಿಂದ ಬಂದ ಸದ್ದು ಎರಡು ಕಿವಿಗೂ ಮುಟ್ಟುವ ಹೊತ್ತಿನ ವ್ಯತ್ಯಾಸ ಸಾವಿರದ ಒಂದು ಭಾಗವನ್ನೂ ದಾಟುವುದಿಲ್ಲ. ಅಷ್ಟರಲ್ಲೇ ಮಿದುಳು ಸದ್ದು ಯಾವ ಕಡೆಯದು ಅಂತ ಹೇಳಿಬಿಡುತ್ತದೆ.

ಆದರೆ ಅದಕ್ಕೆ ಎರಡು ಕಿವಿ ಬೇಕು. ಇಷ್ಟು ಸರಳ ಮಾತು ನನಗೆ ಹೊಳೆಯುವುದಕ್ಕೆ ಚನ್ನರಾಯಪಟ್ಟಣ ದಾಟಬೇಕಾಯಿತು.

ಏಪ್ರಿಲ್ ತಿಂಗಳು. ಗಾಡಿ ಪೂಜೆ ಧರ್ಮಸ್ಥಳದಲ್ಲೇ ಆಗಬೇಕು ಅಂತ ಅಮ್ಮನ ಹಟ. ಬೆಳಗಿನ ಜಾವ ಐದಕ್ಕೇ ಹೊರಟೆವು. ಮುಂದಿನ ಎಡ ಸೀಟಿನಲ್ಲಿ ಅಪ್ಪ, ಹಿಂದೆ ಅಮ್ಮ. ನೆಲಮಂಗಲ, ಕುಣಿಗಲ್, ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕಾರಿನಿಂದಲೇ ಒಂದು ಕೈ. ಅಪ್ಪನಿಗೆ ಈ ರಸ್ತೆ ಅಂಗೈ ಗೆರೆ ಇದ್ದ ಹಾಗೆ. ಬಸ್ ಡ್ರೈವರ್ ಆಗಿ ಅವರ ಸರ್ವಿಸಿನ ಬಹುಪಾಲು ಕಳೆದದ್ದು ಬೆಂಗಳೂರು–ಮಂಗಳೂರು ನೈಟ್ ರೂಟಿನಲ್ಲೇ.

ನಾನು ಡೆಮೊ ಶುರುಮಾಡಿದೆ. ಮೊದಲು ಅವರಿಗಿಷ್ಟದ 'ಗಂಧದ ಗುಡಿ' ಸಿನಿಮಾದ ಹಾಡು, ಆಮೇಲೆ ಒಂದು ಫ್ಯೂಷನ್. ಅದರಲ್ಲಿ ಕೊಳಲು ಎಡಗಡೆ ಹುಟ್ಟಿ, ತಲೆಯ ಮೇಲೆ ಹಾದು, ಬಲಗಡೆ ಹೋಗಿ ಕೂರುತ್ತದೆ. ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

"ಅಪ್ಪಾ, ಕೊಳಲು ಹೆಂಗೆ ಹೋಯ್ತು ನೋಡಿದ್ಯಾ?"

"ಯಾವ ಕೊಳಲು?"

ಗಮನ ಎಲ್ಲೋ ಇರಬೇಕು ಅಂದುಕೊಂಡು ಇನ್ನೊಂದು ಸಲ ಹಾಕಿದೆ. "ಹೂಂ, ಚೆನ್ನಾಗಿದೆ" ಅಂದರು, ಮದುವೆ ಮನೆಯಲ್ಲಿ ಪಾಯಸ ಹೇಗಿದೆ ಅಂದಾಗ ಹೇಳುವ ಹಾಗೆ. ನಾನು ಇಂಜಿನಿಯರ್ ಅಲ್ಲವೇ, ಟೆಸ್ಟ್ ಮಾಡದೆ ಬಿಡುವುದಿಲ್ಲ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ, ಅಂದರೆ ಅವರ ಪಕ್ಕದ ಬಾಗಿಲಿಗೆ ತಳ್ಳಿದೆ.

"ಯಾಕೋ ಸಣ್ಣ ಮಾಡ್ದೆ?" ಅಂದರು ಅಪ್ಪ.

ಹಿಂದಿನಿಂದ ಅಮ್ಮ ಹೇಳಿದಳು: "ನಿಮ್ಮಪ್ಪಂಗೆ ಎಡಗಿವಿ ಸರಿಯಾಗಿ ಕೇಳ್ದೆ ಎಷ್ಟೋ ವರ್ಷ ಆಯ್ತು. ನಾನ್ಯಾಕೆ ಯಾವಾಗ್ಲೂ ಅವರ ಬಲಗಡೆಗೇ ನಡೀತೀನಿ ಅನ್ಕೊಂಡಿದ್ದೀಯ?"

ನಾನು ಏನೂ ಅಂದುಕೊಂಡಿರಲಿಲ್ಲ. ಟಿ.ವಿ. ಸೌಂಡ್ ಜಾಸ್ತಿ ಇಡುತ್ತಾರೆ ಅಂತ ಅಪ್ಪನ ಮೇಲೆ ರೇಗಿದ್ದೇನೆ. ಫೋನಿನಲ್ಲಿ ಮಾತನಾಡುವಾಗ ನಡುವೆ ಸುಮ್ಮನಾದರೆ, ನನ್ನ ಮಾತಿನಲ್ಲಿ ಆಸಕ್ತಿ ಇಲ್ಲ ಅಂದುಕೊಂಡಿದ್ದೇನೆ. ಹಳೆಯ ಬಸ್ಸುಗಳಲ್ಲಿ ಇಂಜಿನ್ ಒಳಗೇ, ಡ್ರೈವರ್‌ನ ಎಡಗಡೆಗೇ ಇರುತ್ತಿತ್ತು. ರಜೆಯಲ್ಲಿ ಅಪ್ಪನ ಜೊತೆ ಹೋದಾಗ ಆ ಬಿಸಿ ಬಾನೆಟ್ ಮೇಲೆ ಟವೆಲ್ ಹಾಸಿಕೊಂಡು ಕೂತವನು ನಾನೇ.

ಸಕಲೇಶಪುರದಲ್ಲಿ ಹೇಮಾವತಿ ದಾಟಿ ಕಾಫಿ ಕುಡಿದೆವು. ಮತ್ತೆ ಹೊರಡುವಾಗ ಅಪ್ಪ ಮುಂದೆ ಬರಲಿಲ್ಲ. ಅಮ್ಮನನ್ನು ಮುಂದೆ ಕಳಿಸಿ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರು. ನಿದ್ದೆ ಬಂದಿರಬೇಕು ಅಂದುಕೊಂಡೆ. ದೋಣಿಗಲ್ ದಾಟಿ ಘಾಟಿ ಇಳಿಯುವುದಕ್ಕೆ ಶುರುವಾದಾಗ ಅವರ ಗಾಜು ಕೆಳಗಿಳಿಯಿತು.

"ಹಾಡು ನಿಲ್ಸು. ಎ.ಸೀನೂ ಆಫ್ ಮಾಡು."

ನಿಲ್ಲಿಸಿದೆ. ಕಾಂಕ್ರೀಟ್ ರಸ್ತೆಯ ಮೇಲೆ ಟೈರಿನ ಗುಂಯ್ ಸದ್ದು ಒಳಗೆ ನುಗ್ಗಿತು. ಬಲಗಿವಿ ಕಿಟಕಿಯ ಕಡೆ. ಇಷ್ಟು ವರ್ಷ ಸ್ಟೀರಿಂಗ್ ಹಿಡಿದು ಕೂತಾಗಲೂ ಆ ಕಿವಿ ಇದ್ದದ್ದು ಅದೇ ಜಾಗದಲ್ಲಿ.

"ಸ್ಲೋ ಮಾಡು. ಟ್ಯಾಂಕರ್ ಬರ್ತಿದೆ, ಲೋಡ್ ಇದೆ, ಸೆಕೆಂಡ್ ಗೇರ್."

ನನಗೆ ಏನೂ ಕೇಳಿಸಿರಲಿಲ್ಲ. ತಿರುವು ಕಳೆಯುತ್ತಿದ್ದ ಹಾಗೆ ಮಂಗಳೂರು ಕಡೆಯ ಟ್ಯಾಂಕರೊಂದು ಏದುಸಿರು ಬಿಡುತ್ತಾ ಎದುರಿಗೆ ಬಂತು. ಮುಂದಿನ ತಿರುವಿನಲ್ಲಿ, "ಎರಡು ಲಾರಿ. ಹಿಂದಿನದು ಓವರ್‌ಟೇಕಿಗೆ ನೋಡ್ತಿದೆ." ಅದೂ ಸರಿಯೇ. ಘಾಟಿಯ ಗೋಡೆಗೆ ಬಡಿದು ವಾಪಸ್ಸು ಬರುವ ಸದ್ದಿನಲ್ಲೇ ತಿರುವು ಎಷ್ಟು ಬಿಗಿ ಅಂತಲೂ ಹೇಳುತ್ತಿದ್ದರು. ರಾತ್ರಿ ಮಂಜಿನಲ್ಲಿ ಏನೂ ಕಾಣದಿದ್ದಾಗ ಹೀಗೆಯೇ ಇಳಿಸುತ್ತಿದ್ದರಂತೆ, ನಲವತ್ತು ಐವತ್ತು ಜನರನ್ನು ಕೂರಿಸಿಕೊಂಡು. ಒಂದೇ ಕಿವಿಯ ಸರೌಂಡ್ ಸೌಂಡ್. ನಾನು ಸ್ಟೀರಿಂಗ್ ತಿರುಗಿಸುತ್ತಿದ್ದೆ ಅಷ್ಟೆ, ಆ ಘಾಟಿಯನ್ನು ಇಳಿಸಿದ್ದು ಅವರೇ.

ಕೆಂಪುಹೊಳೆ ಕಾಣುವ ಕಡೆ ಒಂದು ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಬೇಸಿಗೆ, ಹೊಳೆಯಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಅಪ್ಪ ಕಾಡನ್ನೇ ನೋಡುತ್ತಾ, "ಮೊದ್ಲು ಈ ಟೈಮಲ್ಲಿ ಜೀರುಂಡೆ ತಲೆ ಚಿಟ್ಟು ಹಿಡಿಯೋ ಹಂಗೆ ಕೂಗ್ತಿದ್ವು. ಈಗ ಒಂದೂ ಇಲ್ಲ. ಕಾಡೆಲ್ಲ ಹಾಳಾಯ್ತು" ಅಂದರು.

ನಮ್ಮ ಸುತ್ತ, ಆ ಕಡೆ ಈ ಕಡೆ ಮರಗಳಲ್ಲೆಲ್ಲ, ಜೀರುಂಡೆಗಳು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮೆಲ್ಲಗೆ, "ಇವೆ ರೀ. ಕೂಗ್ತಾನೇ ಇವೆ" ಅಂದಳು.

"ಹೌದಾ" ಅಂದರು ಅಪ್ಪ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕಾರು ಹತ್ತಿದರು. ಗುಂಡ್ಯ ಬರುವವರೆಗೆ ಯಾರೂ ಮಾತಾಡಲಿಲ್ಲ. ಕೊಕ್ಕಡ ದಾಟಿ ಧರ್ಮಸ್ಥಳ ಹತ್ತಿರ ಬಂದಾಗ ಅವರೇ ಕೇಳಿದರು: "ಮೈಸೂರಲ್ಲಿ ಕಿವಿದು ಒಂದು ದೊಡ್ಡ ಆಸ್ಪತ್ರೆ ಇದೆಯಂತಲ್ಲ?"

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮುಂದಿನ ತಿಂಗಳು ಹೋದೆವು. ಆಡಿಯೊಗ್ರಾಮಿನಲ್ಲಿ ದಪ್ಪ ಸದ್ದುಗಳ ಕಡೆ ಗೆರೆ ಪರವಾಗಿಲ್ಲ ಅನ್ನುವಂತಿತ್ತು. ಅದಕ್ಕೇ ಟ್ಯಾಂಕರ್ ಕೇಳಿಸಿದ್ದು. 4000 ಹರ್ಟ್ಜ್ ಹತ್ತಿರ ಬಂದಾಗ ಎರಡೂ ಕಿವಿಯ ಗೆರೆ ಘಾಟಿ ಇಳಿದ ಹಾಗೆ ಇಳಿದಿತ್ತು, ಎಡಗಿವಿಯದು ಇನ್ನೂ ಆಳಕ್ಕೆ. ವರ್ಷಗಟ್ಟಲೆ ಗದ್ದಲದಲ್ಲಿ ಇದ್ದವರ ಕಿವಿ ಮೊದಲು ಸೋಲುವುದೇ ಅಲ್ಲಿ. ಕೊಳಲಿನ ಮೇಲಿನ ಸ್ವರ, ಜೀರುಂಡೆ, ಮಾತಿನಲ್ಲಿ ಸ–ಶಗಳ ಚೂಪು, ಎಲ್ಲ ಹೋಗಿರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ, ಮಷೀನ್ ಹಾಕಿ ಎತ್ತಿ ಕೊಡಬಹುದು ಅಷ್ಟೆ. ಮುದುಕರ ಥರ ಕಾಣುತ್ತೆ ಅಂತ ಅಪ್ಪ ಗೊಣಗಿದರು, ಆದರೂ ಹಾಕಿಸಿಕೊಂಡರು.

ಹೊಸ ಮಷೀನಿನ ಜೊತೆ ಮೈಸೂರಿನಿಂದ ವಾಪಸ್ಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲೇ ಕೂತಿದ್ದರು. ಕೊಳಲು ಹಾಕಬೇಕು ಅಂತ ನನ್ನ ಕೈ ತುರಿಸುತ್ತಿತ್ತು. ಅಮ್ಮ ಹಿಂದಿನಿಂದ ಭುಜ ಚಿವುಟಿದ್ದರಿಂದ ಸುಮ್ಮನಿದ್ದೆ. ಊಟಕ್ಕೆ ಅಂತ ಮಂಡ್ಯ ಕಡೆ ತಿರುಗಿಸುವಾಗ ಅಪ್ಪ ತಟ್ಟನೆ ಡ್ಯಾಶ್‌ಬೋರ್ಡಿಗೆ ಬಗ್ಗಿ ಕಿವಿ ಕೊಟ್ಟರು.

"ಏನೋ ಟಿಕ್ ಟಿಕ್ ಅಂತಿದೆ ನೋಡು. ಹೊಸ ಗಾಡಿ, ಈಗ್ಲೇ ಏನೋ ಲೂಸ್ ಆಗಿದೆ."

"ಅಪ್ಪಾ, ಅದು ಇಂಡಿಕೇಟರ್."